ಎರಡು ವಾರ ದಾಟಿದ ಜ್ವರ ಕಾಲಾ ಅಜಾರ್ ಇರಬಹುದಾ? ಪತ್ತೆ ಮಾಡುವುದು ಹೀಗೆ

ಮಲೆನಾಡಿನಲ್ಲಿ ಜ್ವರ ಬಂತು ಅಂದ್ರೆ ಮೊದಲು ಹೆದರುವುದು ಮಂಗನ ಕಾಯಿಲೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ, ಹೆದರಿಕೆ ಸಹಜವೇ. ಆಮೇಲೆ ಇಲಿ ಜ್ವರ, ಡೆಂಗಿ. ಆದರೆ ಈಗ ನಮ್ಮ ತೋಟ, ಕಟ್ಟಡ ಕೆಲಸಗಳಿಗೆ ಬಿಹಾರ, ಜಾರ್ಖಂಡ್ ಕಡೆಯಿಂದಲೂ ಜನ ಬರುತ್ತಾರೆ. ಅವರಿಗೆ ಬಿಡದ ಜ್ವರ ಬಂದರೆ ಇನ್ನೊಂದು ಹೆಸರೂ ನೆನಪಿರಲಿ: ಕಾಲಾ ಅಜಾರ್. ಇದು ನಮ್ಮ ನೆಲದ ಕಾಯಿಲೆಯಲ್ಲ. ಹಾಗಾಗಿಯೇ ಇಲ್ಲಿ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ 95ಕ್ಕೂ ಹೆಚ್ಚು ಜನರ ಜೀವ ಹೋಗುತ್ತದೆ.

ಇದನ್ನು ಹರಡುವುದು ಮರಳು ನೊಣ. ಉದ್ದ ಎರಡು ಮೂರು ಮಿಲಿಮೀಟರ್ ಅಷ್ಟೆ. ಸದ್ದಿಲ್ಲ, ದೂರ ಹಾರುವುದೂ ಇಲ್ಲ, ಕುಪ್ಪಳಿಸುತ್ತಾ ಹೋಗುತ್ತದೆ. ಕೂತಾಗ ರೆಕ್ಕೆ ಮೇಲಕ್ಕೆತ್ತಿಕೊಂಡಿರುತ್ತದೆ. ಮಣ್ಣುಗೋಡೆಯ ಬಿರುಕು, ಕೊಟ್ಟಿಗೆಯ ತೇವದ ಮೂಲೆ ಅದಕ್ಕೆ ಇಷ್ಟ. ಹೆಣ್ಣು ನೊಣ ರೋಗಿಯ ರಕ್ತ ಹೀರಿದಾಗ ರೋಗ ತರುವ ಪರೋಪಜೀವಿ ಅದರ ಹೊಟ್ಟೆ ಸೇರಿ ಬೆಳೆಯುತ್ತದೆ. ಮುಂದೆ ಇನ್ನೊಬ್ಬರನ್ನು ಕಚ್ಚಿದಾಗ ಅವರ ಮೈಗೆ ದಾಟುತ್ತದೆ. ನಮ್ಮ ದೇಶದಲ್ಲಿ ಇದು ಮನುಷ್ಯರಿಂದ ಮನುಷ್ಯರಿಗೇ ಹೀಗೆ ಸಾಗುವ ರೋಗ. ಜೊತೆಯಲ್ಲಿ ಉಂಡರೆ, ಮುಟ್ಟಿದರೆ, ಕೆಮ್ಮಿದರೆ ಬರುವುದಿಲ್ಲ. ಹಾಗಾಗಿ ಕೆಲಸದವರಿಗೆ ಜ್ವರ ಬಂತೆಂದು ಸುಮ್ನೆ ರೈಲು ಹತ್ತಿಸಿ ಕಳಿಸಬೇಡಿ.

ಮೊದಲು ದಿನ ಎಣಿಸಿ. ಮಂಗನ ಕಾಯಿಲೆಯಲ್ಲಿ ಜ್ವರ, ತಲೆನೋವು, ಮೈಕೈ ನೋವು ಒಮ್ಮೆಲೇ ಏರುತ್ತವೆ. ಕಾಲಾ ಅಜಾರ್ ನಿಧಾನ. ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಎರಡು ವಾರ ದಾಟಿದರೂ ಹೋಗುವುದಿಲ್ಲ, ಆಂಟಿಬಯಾಟಿಕ್‌ಗೂ ಬಗ್ಗುವುದಿಲ್ಲ. ಮೈ ಇಳಿಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ಮಾತ್ರ ಉಬ್ಬುತ್ತದೆ.

ಆಮೇಲೆ ಊರು ಕೇಳಿ. 'ಬಿಹಾರ' ಎಂದರೆ ಸಾಲದು, ಜಿಲ್ಲೆ ಯಾವುದು, ಹಿಂದೆ ಈ ಕಾಯಿಲೆ ಬಂದಿತ್ತಾ, ಮನೆಯವರಿಗೆ ಬಂದಿತ್ತಾ ಎಂದು ವಿಚಾರಿಸಿ. ನೊಣ ಕಚ್ಚಿ ಎರಡರಿಂದ ಆರು ತಿಂಗಳ ಮೇಲೆ ಜ್ವರ ಬರುವುದು ಸಾಮಾನ್ಯ. ಅಂದರೆ ಹೋದ ಹಬ್ಬಕ್ಕೆ ಊರಿಗೆ ಹೋಗಿ ಬಂದದ್ದೂ ಲೆಕ್ಕಕ್ಕೆ ಬರುತ್ತದೆ. ಈ ಪ್ರಶ್ನೆ ಕೇಳಲು ಯಂತ್ರ ಬೇಡ, ದುಡ್ಡು ಬೇಡ. ಉತ್ತರವನ್ನು ಡಾಕ್ಟರಿಗೆ ನೀವೇ ಹೇಳಿ. ಭಾಷೆ ಬಾರದ ಹುಡುಗ ಓಪಿಡಿಯಲ್ಲಿ ಅದನ್ನೆಲ್ಲ ಹೇಳಲಾರ, ಅಲ್ವಾ?

ಡಾಕ್ಟರು ರೋಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಲು ಹೇಳಿ, ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರೆಳೆಯಲು ಹೇಳುತ್ತಾರೆ. ಅಲ್ಲಿರುವ ಗುಲ್ಮ (ಸ್ಪ್ಲೀನ್) ಊದಿದ್ದರೆ ಅದರ ಅಂಚು ಬಂದು ಬೆರಳಿಗೆ ತಾಗುತ್ತದೆ. ಎರಡು ವಾರ ದಾಟಿದ ಜ್ವರ, ಊದಿದ ಗುಲ್ಮ, ಆ ಕಡೆಯ ಊರು, ಮಲೇರಿಯಾ ಇಲ್ಲವೆಂಬ ವರದಿ: ಇಷ್ಟು ಸೇರಿದರೆ ಕಾಲಾ ಅಜಾರ್ ಪತ್ತೆ ಮಾಡುವ ಆರ್‌ಕೆ39 ಎಂಬ ರಕ್ತ ಪರೀಕ್ಷೆ ಮಾಡಿಸಲೇಬೇಕು. ನಮ್ಮ ಕಡೆ ಈ ಕಿಟ್ ದಿನಬಳಕೆಯದಲ್ಲ. ಆದ್ದರಿಂದ ಜಿಲ್ಲಾ ಮಟ್ಟದ ಆಸ್ಪತ್ರೆಗೇ ಕಳಿಸಲು ಕೇಳಿ.

ಪರೀಕ್ಷೆ ಸುಲಭ. ಬೆರಳಿನ ಒಂದು ಹನಿ ರಕ್ತ ಪರೀಕ್ಷೆಯ ಪಟ್ಟಿಗೆ (ಸ್ಟ್ರಿಪ್) ಹಾಕಿ, ಮೇಲೆ ದ್ರಾವಣ ಬಿಟ್ಟು ಸುಮಾರು ಹತ್ತು ನಿಮಿಷ ಕಾಯುವುದು. ಎರಡು ಗೆರೆ ಮೂಡಿದರೆ ಪಾಸಿಟಿವ್, ಮಸುಕಾದರೂ ಗೆರೆ ಗೆರೆಯೇ. ಪಟ್ಟಿ ಸರಿಯಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಮಾತ್ರ ಬಂದರೆ ನೆಗೆಟಿವ್. ಅದೂ ಬರದಿದ್ದರೆ ಪಟ್ಟಿ ಕೆಟ್ಟಿದೆ, ಹೊಸದರಲ್ಲಿ ಮಾಡಿಸಿ.

ಇಲ್ಲೊಂದು ಎಚ್ಚರಿಕೆ. ಈ ಪಟ್ಟಿ ಹುಡುಕುವುದು ರೋಗದ ವಿರುದ್ಧ ಮೈ ತಯಾರಿಸಿದ, ರಕ್ತದಲ್ಲಿರುವ ಪ್ರತಿಕಾಯವನ್ನು (ಆಂಟಿಬಾಡಿ), ಪರೋಪಜೀವಿಯನ್ನಲ್ಲ. ರೋಗ ವಾಸಿಯಾದ ಮೇಲೂ ಅದು ವರ್ಷಗಟ್ಟಲೆ ಉಳಿಯುತ್ತದೆ. ಹಿಂದೆ ಚಿಕಿತ್ಸೆ ಪಡೆದವರಿಗೆ ಪಾಸಿಟಿವ್ ಬಂದರೆ ರೋಗ ಮರಳಿದೆ ಎಂದು ಹೇಳಲಾಗದು. ಎಚ್‌ಐವಿ ಇದ್ದವರಲ್ಲಿ ರೋಗ ಇದ್ದೂ ನೆಗೆಟಿವ್ ಬರಬಹುದು. ಅಂಥವರ ಮೂಳೆ ಮಜ್ಜೆ ಅಥವಾ ಗುಲ್ಮದಿಂದ ಮಾದರಿ ತೆಗೆದು ಮೈಕ್ರೋಸ್ಕೋಪಿನಲ್ಲಿ ಪರೋಪಜೀವಿಯನ್ನೇ ಹುಡುಕುತ್ತಾರೆ. ಗುಲ್ಮಕ್ಕೆ ಸೂಜಿ ಹಾಕಿದರೆ ರಕ್ತಸ್ರಾವದ ಅಪಾಯವಿದೆ. ಪ್ಲೇಟ್‌ಲೆಟ್ ನೋಡಿ, ದೊಡ್ಡ ಆಸ್ಪತ್ರೆಯಲ್ಲೇ ಮಾಡುವ ಕೆಲಸ ಅದು.

ರೋಗ ಖಚಿತವಾದರೆ ಲೈಪೋಸೋಮಲ್ ಆಂಫೋಟೆರಿಸಿನ್ ಬಿ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ತೂಕದ ಪ್ರತಿ ಕೆಜಿಗೆ 10 ಮಿಲಿಗ್ರಾಂ, ಸಾಮಾನ್ಯವಾಗಿ ಒಂದೇ ಸಲ. ಜ್ವರ ಬಿಟ್ಟಿತೆಂದು ಅಲ್ಲಿಗೇ ಮರೆಯಬೇಡಿ. ಕೆಲವರಿಗೆ ತಿಂಗಳು, ವರ್ಷಗಳ ಮೇಲೆ ಚರ್ಮದಲ್ಲಿ ತಿಳಿಬಣ್ಣದ ಮಚ್ಚೆ, ಗಂಟು ಏಳುತ್ತವೆ. ಕುಷ್ಠ ಎಂದು ತಪ್ಪು ತಿಳಿಯುವುದೂ ಉಂಟು, ಆದರೆ ಈ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗುತ್ತದೆ. ನೋವಿಲ್ಲವೆಂದು ಬಿಟ್ಟರೆ ಆ ಮಚ್ಚೆಯಿಂದಲೂ ನೊಣ ಪರೋಪಜೀವಿಯನ್ನು ಹೊತ್ತೊಯ್ಯಬಲ್ಲದು. ಕಂಡ ಕೂಡಲೇ ಚರ್ಮದ ಡಾಕ್ಟರಿಗೆ ತೋರಿಸಿ, ಹಳೆಯ ಚಿಕಿತ್ಸೆಯ ಚೀಟಿಯನ್ನೂ ಜೊತೆಗೆ ಕೊಂಡೊಯ್ಯಿರಿ.