ಸೈಡ್ ಇನ್‌ಕಮ್‌ಗೆ ಮೊದಲ ಪ್ರೋಗ್ರಾಮಿಂಗ್ ಭಾಷೆ: ಕೆಲಸ ನೋಡಿ ಆರಿಸಿ

"ಪೈಥಾನ್ ಕಲೀಲಾ, ಜಾವಾಸ್ಕ್ರಿಪ್ಟ್ ಕಲೀಲಾ?" ಎಂದು ಕೇಳುವವರಿಗೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಯಾರಿಗೆ ಯಾವ ಕೆಲಸ ಮಾಡಿಕೊಟ್ಟು ದುಡ್ಡು ತಗೋಬೇಕು ಅಂತಿದ್ದೀರಿ? ಅದು ಗೊತ್ತಾದರೆ ಭಾಷೆ ತಾನಾಗಿ ಗೊತ್ತಾಗುತ್ತದೆ. ಹಗಲು ನನ್ನದು ಲೆಕ್ಕಪತ್ರದ ಕೆಲಸ, ಸಂಜೆ ಸಣ್ಣಪುಟ್ಟ ಆಟೊಮೇಷನ್, ಅಂದರೆ ಜನ ಕೈಯಾರೆ ಮಾಡುವುದನ್ನು ಕಂಪ್ಯೂಟರಿನಿಂದ ಮಾಡಿಸುವುದು. ದುಡ್ಡು ಕೊಟ್ಟವರು ಯಾರೂ ಇದನ್ನು ಯಾವ ಭಾಷೆಯಲ್ಲಿ ಬರೆದಿರಿ ಎಂದು ಕೇಳಿಲ್ಲ. ನಾಳೆಯಿಂದ ಇದು ನನ್ನ ಕಂಪ್ಯೂಟರಿನಲ್ಲಿ ಓಡುತ್ತಾ ಎಂದು ಎಲ್ಲರೂ ಕೇಳಿದ್ದಾರೆ.

ಹಾಗಾಗಿ ಮೊದಲು ಕೆಲಸ ಹುಡುಕಿ. ನಿಮ್ಮ ಸುತ್ತ ಜನ ಕೈಯಾರೆ ಮತ್ತೆ ಮತ್ತೆ ಮಾಡುವುದನ್ನೆಲ್ಲ ಒಂದು ವಾರ ಬರೆದಿಟ್ಟುಕೊಳ್ಳಿ. ಅಪ್‌ವರ್ಕ್‌ನಂಥ ಫ್ರೀಲಾನ್ಸ್ ತಾಣಗಳಲ್ಲಿ ಕೆಲಸದ ಜಾಹೀರಾತು ಓದುವಾಗ ಭಾಷೆಯ ಹೆಸರು ಬಿಡಿ. ಒಳಗೆ ಯಾವ ಫೈಲ್ ಹೋಗುತ್ತದೆ, ಹೊರಗೆ ಏನು ಬರಬೇಕು, ಅದನ್ನು ದಿನಾ ಓಡಿಸುವವರು ಯಾರು, ಇಷ್ಟು ನೋಡಿ.

ಆ ಮೂರನೆಯ ಪ್ರಶ್ನೆಯೇ ಜಾಸ್ತಿ ಮುಖ್ಯ. ಗಿರಾಕಿಯೇ ಓಡಿಸಬೇಕು, ಅವರ ಲೆಕ್ಕವೆಲ್ಲ ಗೂಗಲ್ ಶೀಟ್ಸ್‌ನಲ್ಲಿದೆ ಎಂದರೆ ನಾನು ಕಣ್ಣುಮುಚ್ಚಿ ಆಪ್ಸ್ ಸ್ಕ್ರಿಪ್ಟ್ ಎನ್ನುತ್ತೇನೆ. ಶೀಟ್ಸ್‌ನೊಳಗೇ ಕೋಡ್ ಬರೆಯಲು ಗೂಗಲ್ 2009ರಲ್ಲಿ ತಂದದ್ದು, ಒಳಗಿರುವುದು ಜಾವಾಸ್ಕ್ರಿಪ್ಟೇ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕೋಡ್ ಆ ಶೀಟಿನ ಜೊತೆಗೇ ಇರುತ್ತದೆ, ಮೇಲೆ ಒಂದು ಮೆನು ಇಟ್ಟುಕೊಟ್ಟರೆ ಅವರೇ ಒತ್ತುತ್ತಾರೆ. ಬಾಕಿ ಹಣ ನೆನಪಿಸುವ ಮೇಲ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳಿಗ್ಗೆ ಟ್ರಿಗರ್, ಅಂದರೆ ಹೇಳಿಟ್ಟ ಹೊತ್ತಿಗೆ ಕೋಡನ್ನು ತಾನಾಗಿ ಶುರುಮಾಡುವ ವ್ಯವಸ್ಥೆ, ಓಡುತ್ತದೆ. ಗಡುವು ಮುಗಿದು "ಪಾವತಿ" ಕಾಲಂ ಖಾಲಿಯಿರುವ ಸಾಲುಗಳಿಗೆ ಮೇಲ್ ಹೋಗುತ್ತದೆ. ಕಳಿಸಿದ ಕೂಡಲೇ ಪಕ್ಕದ ಕಾಲಂನಲ್ಲಿ ತಾರೀಕು ಬೀಳಬೇಕು, ಮರುದಿನ ಓಡುವಾಗ ಆ ತಾರೀಕನ್ನು ನೋಡಿಯೇ ಮುಂದೆ ಹೋಗಬೇಕು. ಇಲ್ಲದಿದ್ದರೆ ಒಬ್ಬರಿಗೇ ದಿನಾ ಮೇಲ್ ಹೋಗಿ ಗಿರಾಕಿಯ ಮರ್ಯಾದೆ ಹೋಗುತ್ತದೆ. ಮಿತಿಗಳೂ ಇವೆ: ಒಂದು ಓಟಕ್ಕೆ 6 ನಿಮಿಷ, ಉಚಿತ ಖಾತೆಯಿಂದ ದಿನಕ್ಕೆ 100 ಜನರಿಗೆ ಮಾತ್ರ ಮೇಲ್. ಕೆಲಸ ಒಪ್ಪಿಕೊಳ್ಳುವ ಮೊದಲೇ ಇದನ್ನು ಹೇಳಿಬಿಡಿ.

ನೀವೇ ಓಡಿಸಿ ಫಲಿತಾಂಶ ಮಾತ್ರ ಕೊಡುವ ಕೆಲಸವಾದರೆ ಪೈಥಾನ್. ಹತ್ತಾರು ಎಕ್ಸೆಲ್ ಫೈಲ್ ಒಂದಾಗಿಸುವುದು, ಕೊಳಕು ಡೇಟಾ ಸರಿಮಾಡುವುದು, ಪಿಡಿಎಫ್‌ನಿಂದ ಅಂಕಿ ಎತ್ತುವುದು, ಇವೆಲ್ಲ ಇದಕ್ಕೆ ಸಲೀಸು. ಇಂಥ ಕೆಲಸಕ್ಕೆ ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹವಾದ ಪಾಂಡಾಸ್ ಲೈಬ್ರರಿ ಕಲಿತರೆ ಅರ್ಧ ದಾರಿ ಮುಗಿಯಿತು. ಒಂದು ಸಂಗತಿ ಮಾತ್ರ ಮೊದಲ ದಿನವೇ ಗೊತ್ತಿರಲಿ. ಖಾತೆ ಸಂಖ್ಯೆ, ಫೋನ್ ನಂಬರ್‌ಗಳ ಕಾಲಂ ಅನ್ನು ಪಠ್ಯವೆಂದು ಹೇಳಿ ಓದಿಸದಿದ್ದರೆ ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಗಳು ಸದ್ದಿಲ್ಲದೆ ಉದುರಬಹುದು. 03/04 ಎಂಬುದು ಮಾರ್ಚ್ 4 ಅಥವಾ ಏಪ್ರಿಲ್ 3, ಯಾವುದು ಎಂದು ಗಿರಾಕಿಯನ್ನೇ ಕೇಳಿ. ಅವರ ಕಂಪ್ಯೂಟರಿನಲ್ಲಿ ಪೈಥಾನ್ ಹಾಕಿಸಿ, ಲೈಬ್ರರಿ ಹೊಂದಿಸಿಕೊಡುವ ರಗಳೆಗೆ ಹೋಗಬೇಡಿ. "ಪ್ರತಿ ತಿಂಗಳು ಫೈಲ್ ಕಳಿಸಿ, ವರದಿ ನಾನು ಕೊಡ್ತೀನಿ" ಎನ್ನಿ. ಆಗ ಒಂದು ಸಲದ ಕೆಲಸ ತಿಂಗಳ ವರಮಾನವಾಗುತ್ತದೆ.

ವೆಬ್‌ಸೈಟ್ ಕಡೆ ಮನಸ್ಸಿದ್ದರೆ ಪಿಎಚ್‌ಪಿ ಬಿಟ್ಟು ಓಡಬೇಡಿ. 1995ರ ಭಾಷೆ, ಹಳೆಯದು ಎಂದು ಮೂಗು ಮುರಿಯುವವರು ಬಹಳ. ಆದರೆ ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ನಿಂತಿರುವುದು ಅದರ ಮೇಲೆ, ಜಗತ್ತಿನ ವೆಬ್‌ಸೈಟ್‌ಗಳಲ್ಲಿ 40%ಕ್ಕಿಂತ ಜಾಸ್ತಿ ನಿಂತಿರುವುದು ವರ್ಡ್‌ಪ್ರೆಸ್ ಮೇಲೆ. ಫಾರ್ಮ್ ಹೋಗ್ತಿಲ್ಲ, ಪುಟ ನಿಧಾನ, ಅಂಗಡಿಯ ಚೆಕ್‌ಔಟ್ ಕೈಕೊಟ್ಟಿದೆ: ಇಂಥ ಸಣ್ಣ ರಿಪೇರಿಯೇ ಹೊಸಬರಿಗೆ ಸಿಗುವ ಕೆಲಸ. ಕೈ ಹಾಕುವ ಮೊದಲು ಬ್ಯಾಕಪ್ ತಗೊಳ್ಳಿ, ಬದಲಾವಣೆಯನ್ನು ಚೈಲ್ಡ್ ಥೀಮ್‌ನಲ್ಲಿ (ಸೈಟಿನ ರೂಪ ಕೊಡುವ ಮೂಲ ಥೀಮ್‌ಗೆ ಜೋಡಿಸುವ ಪ್ರತ್ಯೇಕ ಫೈಲ್‌ಗಳಲ್ಲಿ) ಮಾಡಿ. ಮೂಲ ಥೀಮ್‌ನಲ್ಲೇ ಬರೆದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿಹಾಕುತ್ತದೆ. ಪುಟದ ರಚನೆಗೆ ಎಚ್‌ಟಿಎಂಎಲ್, ಅದರ ಅಂದಕ್ಕೆ ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಜೊತೆಗೆ ಬೇಕೇ ಬೇಕು.

ಸಿ++, ರಸ್ಟ್, ಜಾವಾ ಒಳ್ಳೆಯ ಭಾಷೆಗಳೇ. ಆದರೆ ಒಬ್ಬರೇ ಕೂತು ಮುಗಿಸುವ ಸಣ್ಣ ಕೆಲಸಕ್ಕೆ ಇವನ್ನು ಕೇಳುವವರು ಕಡಿಮೆ. ಮೊಬೈಲ್ ಆ್ಯಪ್ ಕೂಡ ಹಾಗೆಯೇ, ಮೊದಲ ದುಡ್ಡು ಕಾಣಲು ತಡ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯುಎಲ್ ಅನ್ನು ಎರಡನೆಯದಾಗಿ ಕಲಿಯಿರಿ.

ಕೋಡನ್ನು ಎಐ ಬರೆದುಕೊಡುತ್ತೆ ಅಲ್ವಾ ಎನ್ನಬಹುದು. ಬರೆಯಲಿ, ನಾನೂ ಬರೆಸುತ್ತೇನೆ. ಆದರೆ ಒಳಗೆ ಹೋದ ಸಾಲುಗಳ ಸಂಖ್ಯೆ, ಹೊರಗೆ ಬಂದ ಸಾಲುಗಳ ಸಂಖ್ಯೆ, ಎರಡೂ ಕಡೆಯ ಮೊತ್ತ ತಾಳೆಯಾಗುತ್ತವೆಯೇ ಎಂದು ನೋಡಿ ಜವಾಬ್ದಾರಿ ಹೊರುವುದು ನೀವು. ಆ ಕೋಡ್ ಓದಿ ಅರ್ಥವಾಗುವಷ್ಟು ಭಾಷೆ ಬರಲೇಬೇಕು.

ಆರಿಸಿದ ಭಾಷೆಯಲ್ಲಿ ನಿಮ್ಮದೇ ಒಂದು ನಿಜವಾದ ಕೆಲಸ ಮುಗಿಸಿ ನೋಡಿ. ಸುಮ್ನೆ ಪಾಠದ ಜೊತೆ ಟೈಪ್ ಮಾಡಿದ್ದು ಲೆಕ್ಕಕ್ಕಿಲ್ಲ. ಅದು ಓಡಿದರೆ, ಹೆಸರು ಮತ್ತು ಅಂಕಿ ಬದಲಿಸಿದ ಮಾದರಿ ಫೈಲ್ ಇಟ್ಟು ಮೊದಲ ಗಿರಾಕಿಗೆ ತೋರಿಸಿ. ಕೆಲಸ ಒಪ್ಪುವಾಗ ಏನು ಸೇರಿದೆ, ಏನು ಸೇರಿಲ್ಲ ಎಂದು ಬರೆದು ಕಳಿಸಿ. ನೌಕರಿಯಲ್ಲಿದ್ದರೆ ಹೊರಗಿನ ಕೆಲಸದ ಬಗ್ಗೆ ನಿಮ್ಮ ಒಪ್ಪಂದ ಏನು ಹೇಳುತ್ತದೆ ಎಂದು ಮೊದಲೇ ಓದಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಂತೂ ಈ ಕೆಲಸ ಮಾಡಬೇಡಿ.