ಮನೆಯ ಮುಖ ಹಳತಾಯಿತೇ? ಮೊದಲು ಎದುರು ರಸ್ತೆಗೆ ಹೋಗಿ ನಿಲ್ಲಿ

ಮೂವತ್ತು ನಲವತ್ತು ವರ್ಷದ ಹಿಂದೆ ಬಡಾವಣೆಯಲ್ಲಿ ಕಟ್ಟಿಸಿದ ಮನೆ. ಒಳಗೆಲ್ಲ ಸರಿಯಿದೆ, ಹೊರಗಿನಿಂದ ನೋಡಿದರೆ ಮಾತ್ರ ಯಾಕೋ ಮಂಕು. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಬಣ್ಣದ ಕಾರ್ಡಿಗೆ. ನನ್ನ ಕೈಯೂ ಅಲ್ಲಿಗೇ ಹೋಗಿತ್ತು. ಗೋಡೆಗೆ ಎರಡು ಕೋಟ್ ಹೊಡೆಸಿ ಆರು ತಿಂಗಳು ಬೀಗಿದ್ದಾಯಿತು. ಒಂದು ಮಳೆಗಾಲ ಕಳೆದದ್ದೇ ತಡ, ಕಿಟಕಿಯ ಅಕ್ಕಪಕ್ಕ ಬಣ್ಣ ಉಬ್ಬಿ ಹಕ್ಕಳೆ ಏಳತೊಡಗಿತು. ಚಾಕುವಿನ ತುದಿಯಿಂದ ಒಂದು ಗುಳ್ಳೆ ಒಡೆದರೆ ಒಳಗಿಂದ ನೀರೇ ಜಿನುಗಿತು. ತಪ್ಪು ಬಣ್ಣದ್ದಲ್ಲ. ಆ ಕಥೆ ಸ್ವಲ್ಪ ಮುಂದೆ ಹೇಳುತ್ತೇನೆ.

ಮೊದಲ ಕೆಲಸ: ತೆಗೆಯುವುದು

ರಸ್ತೆ ದಾಟಿ ನಿಂತು ಮೊಬೈಲಿನಲ್ಲಿ ಮನೆಯ ಫೋಟೊ ತೆಗೆಯಿರಿ. ಅದನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಬಣ್ಣ ಕಳಚಿದ ಮೇಲೆ ಕಣ್ಣಿಗೆ ಚುಚ್ಚುವುದೇ ಬೇರೆ: ಗೋಡೆಯ ಮೇಲೆ ಅಡ್ಡಾದಿಡ್ಡಿ ಓಡಿದ ಕೇಬಲ್‌ಗಳು, ಕೆಲಸ ಬಿಟ್ಟ ಡಿಶ್ ಆಂಟೆನಾ, ಯಾವ ಕಾಲದ್ದೋ ಎಸಿಯ ತುಕ್ಕು ಹಿಡಿದ ಬ್ರಾಕೆಟ್, ಒಂದೊಂದು ಕಿಟಕಿಗೆ ಒಂದೊಂದು ಬಗೆಯ ಗ್ರಿಲ್, ಆಮೇಲೆ ಯಾವಾಗಲೋ ಸೇರಿಸಿದ ಶೀಟಿನ ಮಾಡು. ಎಷ್ಟೋ ಮನೆಗಳಿಗೆ ವಯಸ್ಸಾಗಿರುವುದಿಲ್ಲ, ಮೈಮೇಲೆ ಸಾಮಾನು ಜಾಸ್ತಿಯಾಗಿರುತ್ತದೆ. ಬೇಡವಾದ್ದನ್ನು ಕಿತ್ತು, ಬೇಕಾದ ವೈರುಗಳನ್ನು ಒಂದೇ ಪೈಪಿನೊಳಗೆ ಮೂಲೆಗುಂಟ ಇಳಿಸಿದರೆ ಅರ್ಧ ಕೆಲಸ ಮುಗಿದಂತೆ. ಖರ್ಚಿನ ಲೆಕ್ಕದಲ್ಲೂ ಇದೇ ಅತಿ ಅಗ್ಗದ ಹಂತ.

ಕೀಳುವಾಗ ಎರಡು ಎಚ್ಚರಿಕೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ, ಆದ್ದರಿಂದ ಸುತ್ತಿಗೆಯಿಂದ ಒಡೆಯಲು ಹೋಗದೆ ಅದನ್ನು ತೆಗೆಯಲು ಬಲ್ಲವರನ್ನು ಕರೆಸಿ. ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕ ಮನೆಗಳಿಗೆ ಹಚ್ಚುವ ಸೀಸದ ಬಣ್ಣವನ್ನು 1978ರಲ್ಲೇ ನಿಷೇಧಿಸಿತು, ಎಷ್ಟೋ ದೇಶಗಳಲ್ಲಿ ಅದು ತೀರಾ ಈಚಿನವರೆಗೂ ಬಳಕೆಯಲ್ಲಿತ್ತು. ಮಕ್ಕಳಿರುವ ಮನೆಯಲ್ಲಂತೂ ಅಂಥ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜಬೇಡಿ.

ನೀರಿನ ದಾರಿ ಹುಡುಕಿ

ಈಗ ನನ್ನ ಕಿಟಕಿಯ ಕಥೆ. ಕಿಟಕಿ ಮೇಲಿನ ಸಜ್ಜದ ಅಡಿಭಾಗವನ್ನು ಒಮ್ಮೆ ಕತ್ತೆತ್ತಿ ನೋಡಿ. ಮುಂದಿನ ಅಂಚಿನ ಹತ್ತಿರ ಉದ್ದಕ್ಕೂ ಅರ್ಧ ಇಂಚಿನಷ್ಟು ಅಗಲದ ಒಂದು ಗೀರು ಇರಬೇಕು. ಅದು ಅಲಂಕಾರಕ್ಕಲ್ಲ. ಮಳೆ ನೀರು ಸಜ್ಜದ ಅಂಚಿನಿಂದ ನೇರ ಬೀಳುವುದಿಲ್ಲ. ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯ ಕಡೆಗೇ ಹರಿಯುತ್ತದೆ. ಗೀರು ಸಿಕ್ಕಿದಾಗ ದಾಟಲಾರದೆ ಅಲ್ಲೇ ಹನಿಯಾಗಿ ಕೆಳಗೆ ಬೀಳುತ್ತದೆ. ನನ್ನ ಮನೆಗೆ ಬಣ್ಣ ಹೊಡೆದವರು ಬಲು ಅಚ್ಚುಕಟ್ಟಿನವರು, "ಕೆಳಗೆಲ್ಲ ನೈಸ್ ಮಾಡಿಕೊಡ್ತೀವಿ ಸಾರ್" ಎಂದು ಆ ಗೀರಿಗೆಲ್ಲ ಪುಟ್ಟಿ ತುಂಬಿ ಸಪಾಟು ಮಾಡಿದ್ದರು. ಮುಂದಿನದ್ದನ್ನು ಮಳೆ ನೋಡಿಕೊಂಡಿತು.

ಗೀರು ಮುಚ್ಚಿದ್ದರೆ ಕೆರೆದು ತೆಗೆಸಿ. ಮೊದಲಿಂದಲೂ ಇಲ್ಲದಿದ್ದರೆ ಅಂಚಿನ ಅಡಿಗೆ ಅಲ್ಯೂಮಿನಿಯಂ ಅಥವಾ ಪಿವಿಸಿ ಪಟ್ಟಿ ಅಂಟಿಸಿದರೂ ನಡೆಯುತ್ತದೆ. ಗೀರಾಗಲಿ ಪಟ್ಟಿಯಾಗಲಿ ಗೋಡೆ ಮುಟ್ಟುವ ಎರಡು ಇಂಚು ಮೊದಲೇ ನಿಲ್ಲಲಿ, ಇಲ್ಲವಾದರೆ ಅದೇ ನೀರಿಗೆ ಕಾಲುವೆಯಾಗುತ್ತದೆ.

ಇನ್ನು ತಾರಸಿಯ ನೀರಿನ ಪೈಪುಗಳು. ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆ ಸುತ್ತಿ ಬನ್ನಿ. ಎಲ್ಲಿ ಉಕ್ಕುತ್ತದೆ, ಎಲ್ಲಿ ಗೋಡೆಗೆ ಸಿಡಿಯುತ್ತದೆ ಎಂಬುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಗೋಡೆಯ ಬುಡದಿಂದ ನೆಲ ಹೊರಕ್ಕೆ ಇಳಿಜಾರಾಗಿರಬೇಕು. ಮೊದಲ ಹತ್ತು ಅಡಿಯಲ್ಲಿ ಆರು ಇಂಚು ಇಳಿದರೆ ಚೆನ್ನ. ಗೋಡೆ ಒಣಗಿದೆಯೇ ಎಂಬ ಅನುಮಾನವಿದ್ದರೆ ನೆರಳಿರುವ ಕಡೆ ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿದಾಗ ಹಾಳೆಯ ಒಳಮೈ ಬೆವರಿದ್ದರೆ ಗೋಡೆಯಲ್ಲಿ ಇನ್ನೂ ಪಸೆಯಿದೆ, ಬಣ್ಣಕ್ಕೆ ಕಾಲ ಬಂದಿಲ್ಲ.

ಬಿರುಕು, ಪಾಚಿ, ತುಕ್ಕು

ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿಯೋ ಮೆಟ್ಟಿಲು ಮೆಟ್ಟಿಲಾಗಿಯೋ ಹೋದ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಕೆಲವು ತಿಂಗಳಲ್ಲಿ ಗೆರೆ ದಾಟಿ ಬೆಳೆದರೆ ಎಂಜಿನಿಯರನ್ನು ಕರೆಯಿರಿ, ಪುಟ್ಟಿ ಡಬ್ಬಿ ತೆರೆಯಬೇಡಿ. ಸುಮ್ಮನಿರುವ ಬಿರುಕನ್ನು ಇಂಗ್ಲಿಷಿನ ವಿ ಅಕ್ಷರದ ಆಕಾರಕ್ಕೆ ಸ್ವಲ್ಪ ಅಗಲಿಸಿ, ಧೂಳು ಝಾಡಿಸಿ, ಹಿಗ್ಗಿ ಕುಗ್ಗುವ ಅಕ್ರಿಲಿಕ್ ಫಿಲ್ಲರ್ ತುಂಬಿ. ಹೊಸದಾಗಿ ಸಿಮೆಂಟ್ ಗಾರೆ ಮಾಡಿಸಿದ ಜಾಗವನ್ನು ಸುಮಾರು 28 ದಿನ ಬಿಟ್ಟು ಆಮೇಲೆ ಬಣ್ಣ ಹಚ್ಚಬೇಕು.

ಪಾಚಿಗೆ ಬ್ಲೀಚ್ ದ್ರಾವಣ ಹಚ್ಚಿ, ಕಾಲು ಗಂಟೆ ಬಿಟ್ಟು, ಉಜ್ಜಿ ತೊಳೆಯಿರಿ. ಬ್ಲೀಚಿನ ಜೊತೆ ಆಸಿಡ್ಡನ್ನಾಗಲಿ ಅಮೋನಿಯಾವನ್ನಾಗಲಿ ಬೆರೆಸಿದರೆ ವಿಷಾನಿಲ ಹೊರಡುತ್ತದೆ, ಬೇಡವೇ ಬೇಡ. ಪ್ರೆಷರ್ ವಾಷರ್ ಬಳಸುವುದಾದರೆ ಮೇಲಿನಿಂದ ಕೆಳಕ್ಕೆ ಹಿಡಿಯಿರಿ. ಕೆಳಗಿನಿಂದ ಮೇಲಕ್ಕೆ ಹಿಡಿದರೆ ಕಿಟಕಿ ಸಂದಿಯೊಳಗೆ ನೀವೇ ನೀರು ನುಗ್ಗಿಸಿದಂತೆ. ಗ್ರಿಲ್, ಗೇಟುಗಳ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಅದೇ ದಿನ ಪ್ರೈಮರ್ ಕೊಡಿ.

ಈಗ ಬಣ್ಣ

ಕಾರ್ಡು ನೋಡಿ ಆರಿಸಿದ ಬಣ್ಣ ದೊಡ್ಡ ಗೋಡೆಗೆ ಬಿಸಿಲಲ್ಲಿ ಬಿದ್ದಾಗ ಇನ್ನೂ ತಿಳಿಯಾಗಿ, ಇನ್ನೂ ಢಾಳಾಗಿ ಕಾಣುತ್ತದೆ. ತಿಳಿ ಬೂದು ಎಂದುಕೊಂಡದ್ದು ಸಂಜೆ ಹೊತ್ತಿಗೆ ನೇರಳೆಗೆ ತಿರುಗಿದ್ದನ್ನು ಕಂಡಿದ್ದೇನೆ. ಆದ್ದರಿಂದ ಸಣ್ಣ ಡಬ್ಬಿ ತಂದು, ಬಿಸಿಲು ಬೀಳುವ ಗೋಡೆಗೊಂದು ನೆರಳಿನ ಗೋಡೆಗೊಂದು ಎರಡಡಿ ಚೌಕ ಹಚ್ಚಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಬದಲಿಸಲಾಗದ್ದು ಏನಿದೆಯೋ ಅಲ್ಲಿಂದ ಲೆಕ್ಕ ಶುರುವಾಗಲಿ: ಹೆಂಚು, ಕಲ್ಲು, ನೆಲಹಾಸು. ಗೋಡೆಗೊಂದು, ಕಿಟಕಿ ಕಟ್ಟುಗಳಿಗೊಂದು, ಬಾಗಿಲಿಗೊಂದು, ಮೂರು ಬಣ್ಣ ಸಾಕು. ಕಡು ಬೂದು, ಕಪ್ಪು ಈಗ ಎಲ್ಲ ಕಡೆ ಓಡುತ್ತಿರುವ ಫ್ಯಾಷನ್. ಬಿಸಿಲು ಹೊಡೆಯುವ ಗೋಡೆಗೆ ನನಗೆ ಅದು ಒಗ್ಗುವುದಿಲ್ಲ, ಶಾಖ ಹೀರುತ್ತದೆ, ಮಾಸಿದ್ದೂ ಬೇಗ ಎದ್ದು ಕಾಣುತ್ತದೆ.

ಗಾರೆಯಿಲ್ಲದ ಇಟ್ಟಿಗೆ ಗೋಡೆಯಿದ್ದರೆ ಅದಕ್ಕೆ ಬಣ್ಣ ಹಚ್ಚುವ ಮುನ್ನ ಎರಡು ಸಲ ಯೋಚಿಸಿ, ಒಮ್ಮೆ ಹಚ್ಚಿದ್ದನ್ನು ತೆಗೆಯುವುದು ಬಲು ಕಷ್ಟ. ಪದರ ಕಟ್ಟುವ ಪ್ಲಾಸ್ಟಿಕ್ ಬಣ್ಣ ತೇವವನ್ನು ಒಳಗೇ ಕೂಡಿಹಾಕುತ್ತದೆ. ಹಚ್ಚಲೇಬೇಕೆಂದರೆ ಸುಣ್ಣ ಅಥವಾ ಸಿಲಿಕೇಟ್ ಬಣ್ಣ ಮೇಲು. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ಪೇಟೆಂಟ್ ಪಡೆದ ಈ ಸಿಲಿಕೇಟ್ ಬಣ್ಣ ಗೋಡೆಯ ಖನಿಜದೊಡನೆ ಬೆಸೆದುಕೊಳ್ಳುತ್ತದೆ, ಗೋಡೆಗೆ ಉಸಿರಾಡಲು ಬಿಡುತ್ತದೆ.

ಹೊಡೆಯುವಾಗ ಮೇಲಿನಿಂದ ಕೆಳಕ್ಕೆ, ನೆರಳಿನ ಹಿಂದೆ ಹಿಂದೆ ಹೋಗಿ. ಸುಡುವ ಗೋಡೆಗೆ ಹಚ್ಚಿದ ಬಣ್ಣ ಹಿಡಿಯುವ ಮೊದಲೇ ಒಣಗಿಬಿಡುತ್ತದೆ. ಏಣಿ ಹತ್ತುವವರಿಗೆ ಒಂದು ಲೆಕ್ಕ: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ದೂರವಿರಲಿ. ಎರಡನೇ ಮಹಡಿಗೆ ನೀವು ಹತ್ತಬೇಡಿ, ಕಸುಬಿನವರಿಗೆ ಬಿಡಿ.

ಬಾಗಿಲು, ದೀಪ, ಗಿಡ

ಕೈಯಲ್ಲಿ ಸ್ವಲ್ಪವೇ ದುಡ್ಡು ಉಳಿದಿದ್ದರೆ ಮುಂಬಾಗಿಲಿಗೆ ಹಾಕಿ. ಬಾಗಿಲಿಗೆ ಬಣ್ಣವನ್ನೋ ಪಾಲಿಶನ್ನೋ ಕೊಡುವಾಗ ಅದನ್ನು ಕೀಲಿನಿಂದ ಬಿಚ್ಚಿ ಕೆಳಗಿನ ಅಂಚಿಗೂ ಹಚ್ಚಿಸಿ. ಯಾರ ಕಣ್ಣಿಗೂ ಬೀಳದ ಆ ಅಂಚಿನಿಂದಲೇ ಮರ ನೀರು ಕುಡಿದು ಊದಿಕೊಳ್ಳುತ್ತದೆ. ಹೊರಗಿನ ದೀಪ 2700ರಿಂದ 3000 ಕೆಲ್ವಿನ್‌ನದ್ದಿರಲಿ, ಬೆಳಕು ಬೆಚ್ಚಗಿರುತ್ತದೆ. ಮಳೆ ನೇರ ಬಡಿಯುವ ಕಡೆ ಐಪಿ 65 (ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ) ಎಂದಿರುವುದನ್ನೇ ಕೊಳ್ಳಿ. ಮನೆ ನಂಬರಿನ ಅಂಕಿಗಳು ನಾಲ್ಕಿಂಚಿಗೆ ಕಡಿಮೆ ಬೇಡ.

ಗಿಡಗಳನ್ನು ಕಿಟಕಿಯ ಕೆಳ ಅಂಚಿಗಿಂತ ತಗ್ಗಾಗಿ ಕತ್ತರಿಸಿ, ಗೋಡೆಗೂ ಗಿಡಕ್ಕೂ ನಡುವೆ ಕೈ ಆಡುವಷ್ಟು ಜಾಗ ಬಿಡಿ. ಗೋಡೆಗೆ ಒರಗಿದ ಎಲೆಗಳ ಹಿಂದೆ ಬಿಸಿಲು ಗಾಳಿ ಎರಡೂ ಹೋಗುವುದಿಲ್ಲ, ಪಾಚಿ ಮರಳಿ ಬರುವುದು ಅಲ್ಲಿಗೇ.

ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯಲ್ಲಿ ತಳಕ್ಕೆ ಬಿಡದೆ ಚಿಕ್ಕ ಬಾಟಲಿಗೆ ಕುತ್ತಿಗೆವರೆಗೂ ತುಂಬಿ ಬಿಗಿಯಾಗಿ ಮುಚ್ಚಿಡಿ. ಮುಚ್ಚಳದ ಮೇಲೆ ಶೇಡ್ ನಂಬರ್, ಯಾವ ಗೋಡೆ, ಯಾವ ತಾರೀಖು ಎಂದು ಬರೆದಿರಲಿ. ಮುಂದಿನ ವರ್ಷ ಯಾರೋ ಸೈಕಲ್ ಒರಗಿಸಿ ಗೀಚಿದಾಗ ಅದೇ ಶೇಡ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವುದು ತಪ್ಪುತ್ತದೆ.