ಅಜ್ಜಿ ಕಲಿಸಿದ್ದು, ಟ್ರೈನಿಂಗ್ ಕಲಿಸಿದ್ದು: ಹೆರಿಗೆ ಕೋಣೆಯಲ್ಲಿ ನನ್ನ ಇಪ್ಪತ್ತು ವರ್ಷ

ನಮ್ಮ ಅಜ್ಜಿ ಸೂಲಗಿತ್ತಿ. ಪಾವಗಡದ ಕಡೆ ಒಂದು ಸಣ್ಣ ಊರು ನಮ್ಮದು. ಅಜ್ಜಿ ಹೊತ್ತಲ್ಲದ ಹೊತ್ತಲ್ಲಿ ಉಗುರು ಕತ್ತರಿಸಿಕೊಳ್ಳೋಕೆ ಕೂತರೆ ಯಾರದೋ ಮನೆಯಲ್ಲಿ ನೋವು ಶುರುವಾಗಿದೆ ಅಂತ ನಮಗೆ ಗೊತ್ತಾಗುತ್ತಿತ್ತು. ಬಳೆ ತೆಗೆದು ಗೂಡಿನಲ್ಲಿಟ್ಟು, ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆದು, ಒಂದು ಬಟ್ಟಲು ಹರಳೆಣ್ಣೆ ಸೆರಗಿನಲ್ಲಿ ಮುಚ್ಚಿಕೊಂಡು ಹೊರಡುತ್ತಿದ್ದಳು. ಮತ್ತೆ ಮನೆಗೆ ಬರುತ್ತಿದ್ದದ್ದು ಮಾರನೇ ದಿನ, ಕೆಲವು ಸಲ ಅದರ ಮಾರನೇ ದಿನ. ಅಷ್ಟು ಹೊತ್ತು ಏನು ಮಾಡ್ತಿದ್ದೆ ಅಂತ ಕೇಳಿದರೆ "ಕೂತಿದ್ದೆ" ಅನ್ನುತ್ತಿದ್ದಳು.

ನಮ್ಮ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ನಮ್ಮ ಅಜ್ಜಿಗೇ ಬಂದಷ್ಟು ಖುಷಿಯಾಗಿತ್ತು. ಅವರೂ ತಮ್ಮ ಅಜ್ಜಿಯಿಂದಲೇ ಕಲಿತವರು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿ ಅದೇ ವರ್ಷ ಡಿಸೆಂಬರ್ 25ಕ್ಕೆ ತೀರಿಕೊಂಡರು.

ನಾನು ಎಎನ್‌ಎಂ, ಅಂದರೆ ಹೆರಿಗೆ ಮಾಡಿಸೋ ಸಹಾಯಕ ನರ್ಸ್ ಕೋರ್ಸ್, ಓದಿದೆ. ಆಗ ಅದು ಒಂದೂವರೆ ವರ್ಷದ ಕೋರ್ಸ್. ಅಲ್ಲಿ ಕಲಿತದ್ದು ಇವತ್ತಿಗೂ ಜೀವ ಉಳಿಸುತ್ತಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಗು ಹುಟ್ಟಿದ ಒಂದು ನಿಮಿಷದ ಒಳಗೆ ತಾಯಿಯ ತೊಡೆಗೆ, ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಕೊಡೋದು, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳೋದು, ಪಾರ್ಟೋಗ್ರಾಫ್ ಅನ್ನೋ ಹೆರಿಗೆ ಚಾರ್ಟಿನಲ್ಲಿ ಗೆರೆ ಎಳೆದು ನೋವು ಎಲ್ಲಿ ನಿಧಾನ ಆಗ್ತಿದೆ ಅಂತ ಕಂಡುಹಿಡಿದು ಹೊತ್ತಿಗೆ ಸರಿಯಾಗಿ ತಾಲ್ಲೂಕು ಆಸ್ಪತ್ರೆಗೆ ಕಳಿಸೋದು. ಇದು ಯಾವುದೂ ಅಜ್ಜಿಗೆ ಗೊತ್ತಿರಲಿಲ್ಲ. ರಕ್ತ ನಿಲ್ಲದೆ ಹೋದವರ ಹೆಸರುಗಳನ್ನು ಅವಳು ಕೊನೆಗಾಲದವರೆಗೂ ಹೇಳಿಕೊಂಡು ಅಳುತ್ತಿದ್ದಳು.

ಆದರೆ ಟ್ರೈನಿಂಗ್‌ನಲ್ಲಿ ಇನ್ನೊಂದನ್ನೂ ಕಲಿತೆ. ಬೈಯೋದು. ಯಾರೂ ಪಾಠ ಮಾಡಿ ಕಲಿಸಲಿಲ್ಲ, ಸೀನಿಯರ್‌ಗಳು ಬೈಯುತ್ತಿದ್ದರು, ನಾವೂ ಬೈದೆವು. ಬಾಯಿ ಮುಚ್ಚು, ಕಾಲು ಅಗಲ ಮಾಡು, ಈಗ ಯಾಕೆ ಕೂಗ್ತೀಯಾ. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಉಳಿದ ಮಾತುಗಳೂ ಗೊತ್ತು, ಇಲ್ಲಿ ಬರೆಯುವುದಿಲ್ಲ.

2005ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಚೊಚ್ಚಲ ಹೆರಿಗೆಗೆ ಬಂದ ಒಬ್ಬ ಹುಡುಗಿಗೆ ಹಾಗೇ ಬೈದೆ. ರಾತ್ರಿಯೆಲ್ಲ ಕೂಗುತ್ತಿದ್ದಳು, ನನಗೂ ಸುಸ್ತು, ತೊಡೆಗೆ ಒಂದು ಏಟೂ ಹಾಕಿದೆ. ಬೆಳಗಿನ ಜಾವ ಹೆಣ್ಣುಮಗು ಆಯಿತು, ಇಬ್ಬರೂ ಚೆನ್ನಾಗಿದ್ದರು, ಮರೆತುಬಿಟ್ಟೆ. ಎರಡು ವರ್ಷ ಆದಮೇಲೆ ಅವಳನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಬಂದರು. 108 ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ, ಅದು ಶುರುವಾದದ್ದು 2008ರ ನವೆಂಬರ್‌ನಲ್ಲಿ. ಎರಡನೇ ಹೆರಿಗೆ ಮನೆಯಲ್ಲೇ ಆಗಿತ್ತು, ಕಸ (ಮಾಸು) ಬಿದ್ದಿರಲಿಲ್ಲ, ಸೀರೆಯೆಲ್ಲ ರಕ್ತ. ಡ್ರಿಪ್ ಹಾಕಿ ತಾಲ್ಲೂಕು ಆಸ್ಪತ್ರೆಗೆ ಅವಳ ಜೊತೆ ನಾನೇ ಹೋದೆ. ಪುಣ್ಯ, ಬದುಕಿಕೊಂಡಳು. ಮೂರನೇ ದಿನ ನೋಡೋಕೆ ಹೋಗಿ, ಯಾಕಮ್ಮ ಆಸ್ಪತ್ರೆಗೆ ಬರಲಿಲ್ಲ ಅಂತ ಕೇಳಿದೆ. ಅವಳು ನನ್ನ ಮುಖ ನೋಡದೆ ಹೇಳಿದಳು, "ನೀವು ಬೈತೀರಲ್ಲ ಸಿಸ್ಟ್ರೇ, ಅದಕ್ಕೆ."

ಅವತ್ತಿನಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿಸಿಕೊಂಡೆ. ಒಂದೇ ದಿನಕ್ಕೆ ಆಗಲಿಲ್ಲ, ಎಷ್ಟೋ ವರ್ಷ ಹಿಡಿಯಿತು. ಅಜ್ಜಿ ಹೇಳುತ್ತಿದ್ದ "ಕೂತಿದ್ದೆ" ಅನ್ನೋ ಮಾತಿನ ಅರ್ಥ ನಿಧಾನವಾಗಿ ತಿಳಿಯಿತು.

ಮೊದಲು ಮಾಡಿದ್ದು ಒಂದು ಸ್ಟೂಲ್ ತಂದು ಮಂಚದ ಪಕ್ಕ ಹಾಕಿದ್ದು. ನಿಂತುಕೊಂಡು ಮಾತಾಡಿದರೆ ನಮ್ಮ ದನಿ ತಾನಾಗೇ ಜೋರಾಗುತ್ತದೆ, ಕೂತರೆ ಇಳಿಯುತ್ತದೆ. ಬೇಕಾದರೆ ಮಾಡಿ ನೋಡಿ. ಮುಟ್ಟುವ ಮೊದಲು "ಈಗ ಒಳಗೆ ಪರೀಕ್ಷೆ ಮಾಡ್ತೀನಿ ಕಣಮ್ಮ, ಬೇಡ ಅನ್ಸಿದ್ರೆ ಕೈ ಎತ್ತು, ನಿಲ್ಲಿಸ್ತೀನಿ" ಅಂತ ಹೇಳುತ್ತೇನೆ. ಕೈ ಎತ್ತಿದರೆ ನಿಜವಾಗಲೂ ನಿಲ್ಲಿಸುತ್ತೇನೆ. ಒಂದು ಸಲ ನಿಲ್ಲಿಸಿದರೆ ಸಾಕು, ಆಮೇಲೆ ಅವರು ಎತ್ತುವುದೇ ಕಡಿಮೆ.

ಆಮೇಲೆ ಓಡಾಟ. ಅಜ್ಜಿ ಮನೆಯ ತೊಲೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಕುಕ್ಕರುಗಾಲಲ್ಲಿ ಕೂರೋಕೆ ಹೇಳುತ್ತಿದ್ದಳು. ನಮ್ಮಲ್ಲಿ ತೊಲೆ ಇಲ್ಲ, ಕಿಟಕಿ ಸರಳು ಇದೆ. ನೋವು ಬಂದಾಗ ಸರಳು ಹಿಡಿದು ಸೊಂಟ ಆಡಿಸು, ನೋವು ಹೋದಾಗ ನಡಿ, ಸುಸ್ತಾದರೆ ಎಡಮಗ್ಗುಲಿಗೆ ಮಲಗು. ನಡುವೆ ಗಂಜಿ, ಕಾಫಿ, ನೀರು. ಅಂಗಾತ ಮಲಗಿಸಿ ಕಾಲು ಎತ್ತಿಸುವುದು ನಮಗೆ ಅನುಕೂಲ ಅಂತ ಮಾಡ್ತಿದ್ದದ್ದು, ಅವರಿಗಲ್ಲ.

ಮನೆಯವರನ್ನು ಒಳಗೆ ಬಿಡೋದು ಎಲ್ಲಕ್ಕಿಂತ ಕಷ್ಟವಾಯಿತು. ನೋವಿನ ಹೊತ್ತಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ 2016ರಲ್ಲಿ ಕೇಂದ್ರದಿಂದಲೇ ಸೂಚನೆ ಬಂತು. ಬಂದರೂ ನಮ್ಮ ಕಡೆ "ಜನ ಸೇರ್ತಾರೆ, ಗಲಾಟೆ" ಅನ್ನುವ ಮಾತು ನಿಂತಿರಲಿಲ್ಲ. ನಾನು ಕಂಡುಕೊಂಡ ದಾರಿ, ಬಂದವರಿಗೆ ಒಂದು ಕೆಲಸ ಕೊಡೋದು. ಅತ್ತೆಯಾಗಲಿ, ತಾಯಿಯಾಗಲಿ, ಸುಮ್ನೆ ನಿಲ್ಲಿಸಿದರೆ ಗಾಬರಿಯಾಗಿ ಹುಡುಗಿಗೆ ಮುಕ್ಕು ಮುಕ್ಕು ಅಂತ ಒತ್ತಾಯ ಮಾಡುತ್ತಾರೆ. ಸೊಂಟದ ಕೆಳಗೆ ಅಂಗೈ ಒತ್ತಿ ಉಜ್ಜಿ ಅಂತ ತೋರಿಸಿಕೊಟ್ಟರೆ ಗಂಟೆಗಟ್ಟಲೆ ಉಜ್ಜುತ್ತಾರೆ. ನಾನು ಅಷ್ಟು ಹೊತ್ತಿನಲ್ಲಿ ಇನ್ನೊಂದು ಮಂಚದ ಎದೆಬಡಿತ ಕೇಳಿ ಬರುತ್ತೇನೆ.

ಮನೆಯ ಹಿರಿಯರು ತಪ್ಪು ಮಾಡುತ್ತಾರೆ, ಹೌದು. ಮೊದಲ ಹಾಲು ಹಿಂಡಿ ಚೆಲ್ಲೋದು, ಜೇನುತುಪ್ಪ ನೆಕ್ಕಿಸೋದು, ಬಾಣಂತಿಗೆ ನೀರು ಕೊಡದೇ ಇರೋದು. ನಮ್ಮ ಅಜ್ಜಿಯೂ ಮಾಡಿಸಿದ್ದಾಳೆ. ಆದರೆ ಪುಸ್ತಕದ ಮಾತು ಹೇಳಿದರೆ ಯಾರೂ ಕೇಳುವುದಿಲ್ಲ. ಒಂದು ಅಜ್ಜಿ ಹಟ ಹಿಡಿದು ಹಳದಿ ಹಾಲು ಕೊಡಲ್ಲ ಅಂದಾಗ ನಾನು ಕೇಳಿದೆ, "ಅಜ್ಜಿ, ನಿಮ್ಮ ಹಸು ಈದಾಗ ಕರುಗೆ ಗಿಣ್ಣು ಕುಡಿಸ್ದೆ ಬಿಡ್ತೀರಾ?"

"ಅಯ್ಯೋ, ಕುಡಿಸ್ದೆ ಇದ್ರೆ ಕರು ಉಳಿಯಲ್ಲ ಕಣವ್ವ."

"ಮತ್ತೆ ಈ ಕರುಗೆ?"

ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ತಾನೇ ಮಗುವನ್ನು ಎತ್ತಿ ತಾಯಿಯ ಎದೆಗೆ ಹಾಕಿದಳು. ಆಮೇಲೆ ಎಷ್ಟೋ ಮನೆಯವರಿಗೆ ಇದನ್ನೇ ಹೇಳಿದ್ದೇನೆ, ಹಸು ಕಟ್ಟಿದವರು ಒಪ್ಪದೇ ಇದ್ದದ್ದು ನೆನಪಿಲ್ಲ. ಬಾಣಂತನದ ಒಳ್ಳೆಯದನ್ನೆಲ್ಲ ಬಾಯಿತುಂಬ ಹೊಗಳುತ್ತೇನೆ. ಮೆಣಸಿನ ಸಾರು, ಬೆಳ್ಳುಳ್ಳಿ, ಅಂಟಿನ ಉಂಡೆ, ತವರಲ್ಲಿ ಸಿಗೋ ವಿಶ್ರಾಂತಿ, ಯಾವುದನ್ನೂ ಬೇಡ ಅನ್ನುವುದಿಲ್ಲ. ಹೊಕ್ಕುಳಿಗೆ ಏನೂ ಹಚ್ಚಬೇಡಿ, ಮಗು ಇರೋ ಕೋಣೆಯಲ್ಲಿ ಹೊಗೆ ಬೇಡ, ನೀರು ಕುಡಿಸಿ. ಈ ಮೂರಕ್ಕೆ ಮಾತ್ರ ಜಗಳ ಆಡುತ್ತೇನೆ.

ಎರಡನೇ ಮಗುವಿನ ಮನೆಗಳಲ್ಲಿ ನಾವು ಮರೆಯೋದು ದೊಡ್ಡ ಮಗುವನ್ನು, ಅಲ್ವಾ? ಮೂರು ವರ್ಷದ ಕೂಸು, ಅಮ್ಮ ಎರಡು ದಿನ ಕಾಣೆ, ಬಂದು ನೋಡಿದರೆ ಮಡಿಲಲ್ಲಿ ಬೇರೆ ಯಾರೋ. ಅದಕ್ಕೆ ನಾನು ತಾಯಂದಿರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ದೊಡ್ಡದು ವಾರ್ಡಿಗೆ ಬರುವಾಗ ಚಿಕ್ಕದನ್ನು ಪಕ್ಕದಲ್ಲಿ ಮಲಗಿಸಿ, ನಿಮ್ಮ ಎರಡೂ ಕೈ ಖಾಲಿ ಇರಲಿ, ಮೊದಲು ಅದನ್ನು ಎತ್ತಿಕೊಳ್ಳಿ. ಗಂಡಂದಿರನ್ನೂ ಒಂಬತ್ತನೇ ತಿಂಗಳಲ್ಲಿ ಒಂದು ದಿನ ಕರೆಸುತ್ತೇನೆ. ತಾಯಿ ಕಾರ್ಡ್ ಅವರ ಕೈಯಲ್ಲೇ ಕೊಟ್ಟು ಹೆಂಡತಿಯ ರಕ್ತ (ಹಿಮೋಗ್ಲೋಬಿನ್) ಎಷ್ಟಿದೆ ಓದಿ ಅನ್ನುತ್ತೇನೆ. 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ ಹೇಳಿದಮೇಲೆ ಮಾತ್ರೆ ನೆನಪಿಸೋದು ಅವರ ಕೆಲಸ. ಮುಂದಿನ ಮಗುವಿಗೆ ಎಷ್ಟು ಅಂತರ ಬೇಕು ಅನ್ನೋ ಮಾತೂ ಅವತ್ತೇ, ಇಬ್ಬರ ಎದುರಿಗೆ.

ನನ್ನ ಜೊತೆ ಕೆಲಸ ಮಾಡಿದವರು ಒಬ್ಬೊಬ್ಬರು ಒಂದೊಂದು ಕಡೆಯಿಂದ ಬಂದವರು. ಒಬ್ಬಳು ದೊಡ್ಡ ಆಸ್ಪತ್ರೆಯಲ್ಲಿ ಪಳಗಿದವಳು, ಉಸಿರು ಬಾರದ ಮಗುವಿಗೆ ಬ್ಯಾಗ್ ಮಾಸ್ಕ್ ಹಿಡಿಯೋ ಕೈ ಅವಳದ್ದೇ ಕೈ. ಇನ್ನೊಬ್ಬಳು ತಾಂಡಾದ ಹುಡುಗಿ. ನೋವಿನಲ್ಲಿರುವವಳಿಗೆ ಲಂಬಾಣಿಯಲ್ಲಿ ಎರಡು ಮಾತಾಡಿದರೆ ಸಾಕು, ಹಿಡಿದ ಮುಷ್ಟಿ ಸಡಿಲ ಆಗೋದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಈಗ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫರಿ (ಹೆರಿಗೆ ಮಾಡಿಸೋ) ತರಬೇತಿ ಬಂದಿದೆ. ಅದಕ್ಕೆ ಹೋಗೋ ಹುಡುಗಿಯರಿಗೆ ನನ್ನದೊಂದೇ ಕೋರಿಕೆ. ನಿಮ್ಮ ಊರಲ್ಲಿ ಹಳೇ ಸೂಲಗಿತ್ತಿ ಇನ್ನೂ ಇದ್ದರೆ ಒಂದು ಮಧ್ಯಾಹ್ನ ಅವರ ಹತ್ತಿರ ಕೂತು ಬನ್ನಿ.

ಹೋದ ವರ್ಷ ರಾತ್ರಿ ಡ್ಯೂಟಿಯಲ್ಲಿ ಚೊಚ್ಚಲ ಹೆರಿಗೆಗೆ ಒಬ್ಬ ಹುಡುಗಿ ಬಂದಳು. ಜೊತೆಗೆ ಬಂದ ತಾಯಿಯನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. 2005ರ ಆ ಬೆಳಗಿನ ಜಾವ ಹುಟ್ಟಿದ ಹೆಣ್ಣುಮಗುವೇ ಇವಳು. ತಾಯಿ ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ, ಸೊಂಟ ಉಜ್ಜೋದು ತೋರಿಸಿಕೊಟ್ಟೆ. ಮೂರು ಗಂಟೆ ಹೊತ್ತಿಗೆ ನೋವು ಜಾಸ್ತಿಯಾಗಿ ಹುಡುಗಿ ಕಿಟಕಿ ಸರಳು ಹಿಡಿದು ಜೋರಾಗಿ ಕೂಗಿದಳು. ತಾಯಿ ಬೆಚ್ಚಿಬಿದ್ದು ಮಗಳ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದಳು.

"ಕೈ ತೆಗೀರಿ ಅಕ್ಕ," ಅಂದೆ. "ಕೂಗ್ಲಿ ಬಿಡಿ."

ಬೆಳಕು ಹರಿಯುವ ಹೊತ್ತಿಗೆ ಗಂಡುಮಗು, ಎರಡು ಕೆಜಿ ಒಂಬೈನೂರು ಗ್ರಾಂ.